ನೀರಿನ ಬಾನಿ ಜರುಗಿಸಿದ ಮೇಲೆ: ಮೂರು ಎಕರೆ ಹುಲ್ಲುಗಾವಲಿನ ನಾಲ್ಕು ವರ್ಷದ ದಾಖಲೆ

ಕಡೂರು ತಾಲ್ಲೂಕಿನ ಕೆಂಪುಮಣ್ಣಿನ ಬಯಲಿನಲ್ಲಿ ನಮ್ಮ ಮನೆತನಕ್ಕೆ ಸೇರಿದ ಮೂರು ಎಕರೆ ಹುಲ್ಲುಗಾವಲಿದೆ. ಒಂದೂವರೆ ಅಡಿ ಅಗೆದರೆ ಗರಸು ಸಿಗುವ ನೆಲವಾದ್ದರಿಂದ ಅಲ್ಲಿ ರಾಗಿ ಹಾಕುವ ಯೋಚನೆಯನ್ನು ಹಿರಿಯರು ಮಾಡಲಿಲ್ಲ. ಉಳದೆ, ಬಿತ್ತದೆ, ಹುಲ್ಲಿಗೆಂದೇ ಬಿಟ್ಟುಕೊಂಡು ಬಂದರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಹಿಂಗಾರು ಚೆನ್ನಾಗಿ ಬಂದರೆ ಅದು ಮೂರು ಟ್ರ್ಯಾಕ್ಟರ್ ಟ್ರೇಲರ್ ಹುಲ್ಲು ಕೊಡುತ್ತಿತ್ತು. ಆಮೇಲೆ ಎರಡಾಯಿತು, ಕೊನೆಕೊನೆಗೆ ಮಳೆ ಸರಿಯಾಗಿ ಬಿದ್ದ ವರ್ಷವೂ ಒಂದೂವರೆಗೆ ಇಳಿಯಿತು. ಬಂದ ಹುಲ್ಲಿನಲ್ಲಿಯೂ ದನಗಳು ಎಲೆ ಆರಿಸಿ ತಿಂದು ಕಡ್ಡಿಯನ್ನು ಗೋದಲಿಯಲ್ಲಿಯೇ ಬಿಡತೊಡಗಿದವು. ಬಯಲಿನ ನಡುವೆ ಅಲ್ಲಲ್ಲಿ ನೆಲ ಬೋಳಾಗಿ, ಆ ಬೋಳಿನ ಸುತ್ತ ತಂಗಡಿ ಗಿಡವೂ ನಡೆದವರ ಪಂಚೆಗೆ ಸೂಜಿಯಂತೆ ಚುಚ್ಚಿಕೊಳ್ಳುವ ಬೀಜದ ಒರಟು ಹುಲ್ಲೂ ಹಬ್ಬುತ್ತಿದ್ದವು.

2021ರ ಬೇಸಿಗೆಯಲ್ಲಿ ಇದನ್ನು ಸರಿಪಡಿಸಲೇಬೇಕೆಂದು ಕೆಲಸ ಆರಂಭಿಸಿದೆ. ಆಗಿನಿಂದ 2024ರ ನವೆಂಬರ್‌ವರೆಗೆ ಏನು ಮಾಡಿದೆ, ಯಾವ ಸಾಮಾನು ಬಳಸಿದೆ, ಎಲ್ಲಿ ಎಡವಿದೆ, ಮಣ್ಣಿನಲ್ಲಿಯೂ ಮೇವಿನಲ್ಲಿಯೂ ಏನು ಕಂಡಿತು ಎಂಬುದನ್ನು ನನ್ನ ನೋಟ್‌ಬುಕ್ಕಿನಿಂದ ಇಲ್ಲಿ ಬರೆದಿದ್ದೇನೆ.

ಏಪ್ರಿಲ್ 2021: ತಪ್ಪಿದ ಮೊದಲ ಮಾದರಿ

ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಎಲ್ಲರೂ ಹೇಳುವ ಕ್ರಮದಲ್ಲಿಯೇ ಬಯಲಿನಲ್ಲಿ ಅಂಕುಡೊಂಕಾಗಿ ನಡೆದು 12 ಕಡೆ ಗುದ್ದಲಿಯಿಂದ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೆಗೆದು, 15 ಸೆಂಟಿಮೀಟರ್ ಆಳದವರೆಗೆ ಗೋಡೆಯಿಂದ ಒಂದೇ ದಪ್ಪದ ಮಣ್ಣು ಕೆತ್ತಿ, ಎಲ್ಲವನ್ನೂ ಗೋಣಿಯ ಮೇಲೆ ಕಲಸಿದೆ. ಗುಡ್ಡೆಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲನ್ನು ಬಿಸಾಡುತ್ತ ಬಂದು, ಕೊನೆಗೆ ಉಳಿದ ಅರ್ಧ ಕಿಲೋವನ್ನು ನೆರಳಿನಲ್ಲಿ ಒಣಗಿಸಿ ಕೊಟ್ಟೆ. ಗೊಬ್ಬರದ ಚೀಲವನ್ನಾಗಲಿ ಗೊಬ್ಬರ ಮುಟ್ಟಿದ ಬುಟ್ಟಿಯನ್ನಾಗಲಿ ಹತ್ತಿರ ಸೇರಿಸಲಿಲ್ಲ. ವರದಿಯಲ್ಲಿ ಸಾವಯವ ಇಂಗಾಲ ಶೇ. 0.55, ಲಭ್ಯ ಪೊಟ್ಯಾಶಿಯಂ ಹೆಕ್ಟೇರಿಗೆ 196 ಕಿಲೋ ಎಂದಿತ್ತು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ವರ್ಗೀಕರಣದ ಪ್ರಕಾರ ಸಾವಯವ ಇಂಗಾಲ ಶೇ. 0.5ರಿಂದ 0.75ರವರೆಗೆ, ಪೊಟ್ಯಾಶಿಯಂ 108ರಿಂದ 280 ಕಿಲೋವರೆಗೆ ಇದ್ದರೆ ಮಧ್ಯಮ. ಅಂದರೆ ವರದಿಯ ಮಾತಿನಲ್ಲಿ ನನ್ನ ನೆಲಕ್ಕೆ ಅಂಥ ಕೊರತೆಯೇನೂ ಇರಲಿಲ್ಲ. ಕಣ್ಣೆದುರಿನ ಹುಲ್ಲು ಬೇರೆಯದನ್ನೇ ಹೇಳುತ್ತಿತ್ತು.

ಎರಡು ದಿನ ಆ ಕಾಗದವನ್ನು ಹಿಡಿದುಕೊಂಡು ಬಯಲಿನಲ್ಲಿ ಓಡಾಡಿದ ಮೇಲೆ ತಪ್ಪು ಗೊತ್ತಾಯಿತು. ಬಯಲಿನ ಒಂದು ಮೂಲೆಯಲ್ಲಿ ದೊಡ್ಡ ಹೊಂಗೆ ಮರವಿದೆ. ಅದರ ಬುಡದಲ್ಲಿ ಅಜ್ಜನ ಕಾಲದ ಕಲ್ಲುಬಾನಿ ಇದೆ. ದನ ಕುರಿಗಳೆಲ್ಲ ಮಧ್ಯಾಹ್ನ ನೀರು ಕುಡಿದು ಮಲಗುವುದು ಅಲ್ಲಿಯೇ. ನನ್ನ 12 ಗುಂಡಿಗಳಲ್ಲಿ ಮೂರು ಆ ಮರದ ಸುತ್ತ ಬಿದ್ದಿದ್ದವು. ಹೆಜ್ಜೆ ಹಾಕಿ ಅಳೆದರೆ ಆ ಜಾಗ 120 ಗುಂಟೆಯಲ್ಲಿ ಏಳು ಗುಂಟೆ ಮಾತ್ರ. ನೆಲದ ಹದಿನೇಳನೆಯ ಒಂದು ಪಾಲಿಗೆ ಮಾದರಿಯಲ್ಲಿ ನಾಲ್ಕನೆಯ ಒಂದು ಪಾಲು ಸಿಕ್ಕಿತ್ತು.

ಮರದ ಕೆಳಗಿನದನ್ನೂ ಬಯಲಿನದನ್ನೂ ಬೇರೆ ಬೇರೆ ತೆಗೆದು ಮತ್ತೆ ಕೊಟ್ಟೆ. ಮರದ ಕೆಳಗೆ ಇಂಗಾಲ ಶೇ. 1.1, ಪೊಟ್ಯಾಶಿಯಂ 520 ಕಿಲೋ. ಬಯಲಿನಲ್ಲಿ ಇಂಗಾಲ ಶೇ. 0.38, ಪೊಟ್ಯಾಶಿಯಂ 92, ರಂಜಕ 7, ಮಣ್ಣಿನ ಹುಳಿತನ ತೋರಿಸುವ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.2. ಒಂಬತ್ತು ಪಾಲು ಬಯಲಿಗೆ ಮೂರು ಪಾಲು ಮರದಡಿಯ ಮಣ್ಣನ್ನು ಕಾಗದದ ಮೇಲೆ ಕಲಸಿ ನೋಡಿದರೆ ಮೊದಲ ವರದಿಯ ಅಂಕಿಗೆ ಹೆಚ್ಚುಕಡಿಮೆ ಸರಿಹೊಂದಿತು. ಪ್ರಯೋಗಾಲಯದ ಕೆಲಸದಲ್ಲಿ ದೋಷವಿರಲಿಲ್ಲ, ನಾನು ಕೊಟ್ಟ ಮಣ್ಣಿನಲ್ಲಿತ್ತು. ಹುಲ್ಲುಗಾವಲಿನಲ್ಲಿ ಮಣ್ಣು ತೆಗೆಯುವವರು ಮರದ ನೆರಳು, ನೀರಿನ ತೊಟ್ಟಿ, ಗೇಟಿನ ಬಾಯಿ, ದನ ನಿಲ್ಲುವ ಮೂಲೆ ಇವನ್ನು ಬಿಟ್ಟೇ ತೆಗೆಯಬೇಕು. ಬೇಕಿದ್ದರೆ ಆ ಜಾಗಗಳ ಮಣ್ಣನ್ನು ಪ್ರತ್ಯೇಕವಾಗಿ ಕೊಡಬೇಕು. ಹೊಲದಲ್ಲಿ ನೇಗಿಲು ಮಣ್ಣನ್ನು ವರ್ಷ ವರ್ಷ ಕಲಸುತ್ತದೆ, ಇಲ್ಲಿ ಕಲಸುವವರು ಯಾರೂ ಇಲ್ಲ.

ಇದೇ ಸಮಯದಲ್ಲಿ ನಮ್ಮ ಕಡೆ ವರ್ಷವೂ ಕುರಿಮಂದೆ ತರುವ ಹಿರಿಯರೊಬ್ಬರು ಬಂದಿದ್ದರು. ಅವರಿಗೆ ವರದಿಯ ಅಂಕಿಗಳನ್ನು ಓದಿ ಹೇಳಿ, “ಅಜ್ಜಾ, ಒಂದೇ ನೆಲ, ಇಷ್ಟು ವ್ಯತ್ಯಾಸ ಹೇಗೆ ಬಂತು?” ಎಂದು ಕೇಳಿದೆ. ಅವರು ಕೋಲಿನಿಂದ ಮೊದಲು ಬಯಲನ್ನು, ಆಮೇಲೆ ಪಕ್ಕದ ರಾಗಿ ಹೊಲವನ್ನು ತೋರಿಸಿ, “ನೋಡಪ್ಪಾ, ಹಗಲು ಇಲ್ಲಿ ಮೇಯ್ತವೆ, ರಾತ್ರಿ ಅಲ್ಲಿ ಹಾಕ್ತವೆ. ಎಷ್ಟು ವರ್ಷ ಅಂತ ಕೊಡುತ್ತೆ ಈ ನೆಲ?” ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ನಿಲ್ಲಿಸಲು ರೈತರು ಕುರಿಯವರಿಗೆ ಹಣವನ್ನೋ ರಾಗಿಯನ್ನೋ ಕೊಡುತ್ತಾರೆ. ನಾವೂ ಕೊಡುತ್ತಿದ್ದೆವು. ಆ ಗೊಬ್ಬರ ಆಕಾಶದಿಂದ ಬೀಳುವುದಿಲ್ಲ. ಹಗಲು ಮೇಯ್ದ ಬಯಲಿನಿಂದ ಕುರಿಯ ಹೊಟ್ಟೆಯಲ್ಲಿ ನಡೆದುಕೊಂಡು ಹೊಲಕ್ಕೆ ಬರುತ್ತದೆ. ರಾಗಿ ಚೆನ್ನಾಗಿ ಬಂತೆಂದು ನಾವು ಸಂತೋಷಪಡುತ್ತಿದ್ದಾಗ ಹುಲ್ಲುಗಾವಲು ಸೊರಗುತ್ತಿತ್ತು.

ಟ್ರೇಲರ್ ಹತ್ತಿ ಹೋದದ್ದೇನು

ಕುರಿಯ ದಾರಿ ಒಂದಾದರೆ ಮಾರಿದ ಹುಲ್ಲಿನ ದಾರಿ ಇನ್ನೊಂದು. ಕೊನೆಯ ಕೆಲವು ವರ್ಷ ಹುಲ್ಲನ್ನು ಕೊಯ್ದು ಹೊರಗಿನವರಿಗೆ ಮಾರುತ್ತಿದ್ದೆವು. ನಮ್ಮ 1.2 ಹೆಕ್ಟೇರಿನಿಂದ ವರ್ಷಕ್ಕೆ ಸುಮಾರು 1,800 ಕಿಲೋ ಒಣಹುಲ್ಲು ಹೋಗುತ್ತಿತ್ತು ಎಂದಿಟ್ಟುಕೊಂಡೆ. ಹೂ ಬರುವ ಕಾಲಕ್ಕೆ ಕೊಯ್ದ ಇಂಥ ಹುಲ್ಲಿನಲ್ಲಿ ಸಾರಜನಕ ಶೇ. 1ರ ಹತ್ತಿರ, ಪೊಟ್ಯಾಶಿಯಂ ಶೇ. 1ರಿಂದ 1.5, ರಂಜಕ ಶೇ. 0.1ಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ. ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ 16 ಕಿಲೋ ಸಾರಜನಕ, 22 ಕಿಲೋ ಪೊಟ್ಯಾಶಿಯಂ, ಎರಡು ಕಿಲೋ ರಂಜಕ ನೆಲ ಬಿಟ್ಟು ಹೋಗುತ್ತಿದ್ದವು. ಅಂಗಡಿಯ ಭಾಷೆಗೆ ತಂದರೆ 22 ಕಿಲೋ ಪೊಟ್ಯಾಶಿಯಂ ಎಂದರೆ 44 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಗೊಬ್ಬರ. 16 ಕಿಲೋ ಸಾರಜನಕ ಎಂದರೆ ಮುಕ್ಕಾಲು ಚೀಲ ಯೂರಿಯಾ. ಪ್ರತಿವರ್ಷ ಹುಲ್ಲಿನ ಹೊರೆಯ ಜೊತೆ ಹತ್ತಿರ ಹತ್ತಿರ ಒಂದು ಚೀಲ ಪೊಟ್ಯಾಶನ್ನು ಟ್ರೇಲರಿಗೆ ಏರಿಸಿ ಕಳಿಸಿ, ಬದಲಿಗೆ ಏನನ್ನೂ ಹಾಕದೆ ಕುಳಿತಿದ್ದೆವು. ಹುಲ್ಲು ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮನ್ನು ಹೀಗೆ ಕುರುಡಾಗಿಸಿತ್ತು.

ಮೇಯಿಸಿದರೆ ಪರಿಸ್ಥಿತಿ ಬೇರೆ. ದನ ತಿಂದ ಸಾರಜನಕ, ರಂಜಕ, ಪೊಟ್ಯಾಶಿಯಂಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಗಣಿ ಗಂಜಲದಲ್ಲಿ ಹೊರಬರುತ್ತದೆ. ರಂಜಕ ಬಹುತೇಕ ಪೂರ್ತಿ ಸಗಣಿಯಲ್ಲಿ, ಪೊಟ್ಯಾಶಿಯಂ ಬಹುಪಾಲು ಗಂಜಲದಲ್ಲಿ ಬರುತ್ತದೆ. ಆದ್ದರಿಂದ ಮೇಯಿಸುವ ನೆಲದಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಹಿಂದಿರುಗಿತು ಎಂಬುದಕ್ಕಿಂತ ಎಲ್ಲಿಗೆ ಹಿಂದಿರುಗಿತು ಎಂಬುದು. ನಮ್ಮಲ್ಲಿ ಅದು ಹೊಂಗೆ ಮರದ ಬುಡಕ್ಕೆ ಹಿಂದಿರುಗುತ್ತಿತ್ತು. ಅಲ್ಲಿ ತುಳಿತಕ್ಕೆ ಹುಲ್ಲು ಬೆಳೆಯುವುದಿಲ್ಲ. ಒಣನೆಲದ ಮೇಲೆ ಬಿದ್ದ ಗಂಜಲದ ಸಾರಜನಕದಲ್ಲಿ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಧ್ಯಾಹ್ನ ಆ ಮರದಡಿ ನಿಂತವರ ಮೂಗಿಗೆ ಬಡಿಯುವ ಘಾಟು ಅದೇ.

ಸಲಕರಣೆಗಳು

ಅಳೆಯದೆ ಮಾಡುವ ಕೆಲಸದಲ್ಲಿ ನನಗೆ ನಂಬಿಕೆಯಿಲ್ಲವಾದ್ದರಿಂದ ಮೂರು ಸಾಮಾನು ಮಾಡಿಸಿಕೊಂಡೆ. ಅರ್ಧ ಇಂಚಿನ ಪಿವಿಸಿ ಪೈಪನ್ನು ಒಳ ಅಳತೆ 50 ಸೆಂಟಿಮೀಟರ್ ಬರುವಂತೆ ನಾಲ್ಕು ತುಂಡು ಮಾಡಿ ನಾಲ್ಕು ಎಲ್ಬೋ ಹಾಕಿದರೆ ಚೌಕಟ್ಟು ಸಿದ್ಧವಾಗುತ್ತದೆ. ಅದನ್ನು ಕಣ್ಣುಮುಚ್ಚಿ ಎಸೆದು, ಬಿದ್ದಲ್ಲಿ ಒಳಗಿನ ಹುಲ್ಲನ್ನು ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದು, ಒಣಗಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಬೇಕು. ಗ್ರಾಂ ಲೆಕ್ಕವನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. ಎಲ್ಬೋಗಳಿಗೆ ಸೊಲ್ಯೂಷನ್ ಹಚ್ಚಬಾರದು; ದಪ್ಪ ಬುಡದ ಹುಲ್ಲಿನ ಮೇಲೆ ಬಿದ್ದಾಗ ಒಂದು ಬದಿಯನ್ನು ಬಿಚ್ಚಿ ತೂರಿಸಬೇಕಾಗುತ್ತದೆ.

ಎರಡನೆಯದು ಮಣ್ಣಿನ ಗಟ್ಟಿತನ ಅಳೆಯುವ ಉಂಗುರ. ಒಳವ್ಯಾಸ ಐದು ಸೆಂಟಿಮೀಟರ್ ಇರುವ ಜಿಐ ಪೈಪನ್ನು ವೆಲ್ಡಿಂಗ್ ಅಂಗಡಿಯಲ್ಲಿ ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಂಡು, ಒಂದು ಅಂಚನ್ನು ಅರದಿಂದ ಹೊರಗಿನ ಕಡೆಯಷ್ಟೇ ಉಜ್ಜಿ ಹರಿತ ಮಾಡಿದೆ. ಒಳಗಿನ ಕಡೆ ಉಜ್ಜಿದರೆ ಮಣ್ಣು ಅದುಮಿಹೋಗಿ ಅಳತೆ ಕೆಡುತ್ತದೆ. ಅದರೊಳಗೆ 98 ಘನ ಸೆಂಟಿಮೀಟರ್ ಮಣ್ಣು ಹಿಡಿಯುತ್ತದೆ. ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಇಳಿಸಿ, ಸುತ್ತ ಅಗೆದು ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಿದಾಗ ಬಯಲಿನ ಮಣ್ಣು ಘನ ಸೆಂಟಿಮೀಟರಿಗೆ 1.46 ಗ್ರಾಂ ಬಂತು, ಮರದಡಿಯದು 1.68. ಸತ್ವವೆಲ್ಲ ಸೇರಿರುವ ಜಾಗವೇ ಬೇರು ಇಳಿಯಲಾಗದಷ್ಟು ಗಟ್ಟಿಯಾಗಿತ್ತು. ಮೂರನೆಯದು ಎರಡೂ ಕಡೆ ಬಾಯಿ ತೆಗೆದ ಒಂದು ಡಬ್ಬಿ. ಅದನ್ನು ಎರಡು ಬೆರಳು ಆಳ ಹೂತು ಒಂದು ಲೀಟರ್ ನೀರು ಹೊಯ್ದು ಇಂಗುವ ಸಮಯ ನೋಡಿದೆ. ಬಯಲಿನಲ್ಲಿ 9 ನಿಮಿಷ, ಮರದಡಿಯಲ್ಲಿ 23 ನಿಮಿಷ ಹಿಡಿಯಿತು.

ಬೇಲಿಯ ವಿಷಯ ಉದ್ದ ಮಾಡುವುದಿಲ್ಲ: ಕಲ್ಲುಕಂಬ, ನಾಲ್ಕು ಸಾಲು ಮುಳ್ಳುತಂತಿ, ಎರಡು ವಾರದ ಕೆಲಸ. ಬೇಲಿಯೊಳಗೆ 20 ಮೀಟರ್ ಉದ್ದಗಲದ ಐದು ತುಂಡುಗಳನ್ನು ಪರೀಕ್ಷೆಗೆಂದು ಗುರುತು ಮಾಡಿದೆ. ಮೊದಲನೆಯದನ್ನು ಮುಟ್ಟದೆ ಬಿಡುವುದು. ಎರಡನೆಯದರಲ್ಲಿ ಕೊಯ್ದು ಒಯ್ಯುವುದು, ಏನೂ ಹಾಕದಿರುವುದು. ಮೂರನೆಯದರಲ್ಲಿ ಕೊಯ್ದು ಒಯ್ದು, ವರ್ಷಕ್ಕೆ 15 ಮಂಕರಿ, ಅಂದರೆ ಸುಮಾರು 170 ಕಿಲೋ ಕೊಟ್ಟಿಗೆ ಗೊಬ್ಬರ ಎರಚುವುದು. ನಾಲ್ಕನೆಯದರಲ್ಲಿ ಸರದಿಯಂತೆ ಮೇಯಿಸುವುದು. ಐದನೆಯದರಲ್ಲಿ ಕೊಯ್ದು ಒಯ್ದು ಯೂರಿಯಾ ಹಾಕುವುದು. ಪ್ರತಿಯೊಂದು ಕ್ರಮಕ್ಕೂ ಒಂದೊಂದೇ ತುಂಡು ಇರುವುದರಿಂದ ಇದನ್ನು ಸಂಶೋಧನೆ ಎಂದು ಕರೆಯಲಾಗದು. ಒಂದು ತುಂಡಿನ ನೆಲವೇ ಮೊದಲಿನಿಂದ ಸ್ವಲ್ಪ ಒಳ್ಳೆಯದಿದ್ದರೆ ಅದನ್ನು ಪತ್ತೆಹಚ್ಚುವ ದಾರಿ ನನ್ನ ಬಳಿ ಇಲ್ಲ. ಅದಕ್ಕಾಗಿಯೇ ದೊಡ್ಡ ವ್ಯತ್ಯಾಸಗಳನ್ನು ಮಾತ್ರ ಇಲ್ಲಿ ಲೆಕ್ಕಕ್ಕೆ ಹಿಡಿದಿದ್ದೇನೆ.

ಗಾಲಿ ಬಾನಿ

ಉಳಿದ ನೆಲದಲ್ಲಿ ಮರದ ಸುತ್ತಲಿನ ಏಳು ಗುಂಟೆ ಬಿಟ್ಟು ಮಿಕ್ಕದ್ದನ್ನು ತಲಾ 15 ಗುಂಟೆಯಂತೆ ಆರು ಅಂಕಣ ಮಾಡಿದೆ. ಈ ಇಡೀ ಕೆಲಸದ ಜೀವಾಳ ಇಲ್ಲಿದೆ. ಅಂಕಣ ಎಷ್ಟೇ ಮಾಡಿದರೂ ನೀರು ಮರದಡಿಯಲ್ಲಿಯೇ ಇದ್ದರೆ ದನ ಅಲ್ಲಿಗೇ ನಡೆಯುತ್ತವೆ, ಸಗಣಿ ಅಲ್ಲಿಯೇ ಬೀಳುತ್ತದೆ. ಕಲ್ಲುಬಾನಿಯನ್ನು ಜರುಗಿಸುವುದು ಸಾಧ್ಯವಿರಲಿಲ್ಲ. ಹೊಸದನ್ನೇ ಮಾಡಬೇಕಾಯಿತು.

200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದೆ. ಒಳಗೆ ಮೊದಲು ಏನಿತ್ತೆಂದು ಖಚಿತವಾಗಿ ಗೊತ್ತಿರುವ ಡ್ರಮ್ಮನ್ನೇ ತರಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ದನದ ನೀರಿಗೆ ಬೇಡ. ಒಂದು ಹೋಳನ್ನು ಒಂದೂಕಾಲು ಇಂಚಿನ ಆಂಗಲ್ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, ಹಳೆಯ ಕೈಗಾಡಿಯ ಎರಡು ಗಾಲಿಗಳನ್ನು ಒಂದು ಬದಿಗೆ, ಹಿಡಿದೆತ್ತಲು ಎರಡು ಹಿಡಿಕೆಗಳನ್ನು ಇನ್ನೊಂದು ಬದಿಗೆ ಬೆಸುಗೆ ಹಾಕಿಸಿದೆ. ಬೋರಿನ ತೊಟ್ಟಿಯಿಂದ ಒಂದು ಇಂಚಿನ ಕರಿ ಪೈಪನ್ನು ಬೇಲಿಯ ಬುಡದಲ್ಲಿ ಎಳೆದು, ಪ್ರತಿ ಅಂಕಣಕ್ಕೂ ಒಂದು ಟೀ ಮತ್ತು ಗೇಟ್‌ವಾಲ್ವ್ ಕೊಟ್ಟೆ. ಬಾನಿಗೆ, ನೀರು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಹಾಕಿದೆ.

ಮೊದಲ ತಿಂಗಳಲ್ಲಿಯೇ ತೊಂದರೆ ಬಂತು. ಎತ್ತೊಂದು ಕುಡಿಯುವಾಗ ಕೊಂಬಿನಿಂದ ಫ್ಲೋಟಿನ ತೋಳನ್ನು ಮುರಿಯಿತು. ರಾತ್ರಿಯಿಡೀ ನೀರು ಹರಿದು ಬೆಳಗ್ಗೆ ಹೋಗಿ ನೋಡಿದರೆ ಎರಡನೆಯ ಅಂಕಣದ ಅರ್ಧ ಗುಂಟೆ ಕೆಸರಾಗಿತ್ತು. ದನ ತುಳಿದು ಅದನ್ನು ಗದ್ದೆಯಂತೆ ಮಾಡಿದವು. ಆ ಜಾಗ ಒಣಗಿದ ಮೇಲೆ ಹೆಂಚಿನಂತಾಗಿ ಇಡೀ ವರ್ಷ ಅಲ್ಲಿ ಗರಿಕೆಯ ಹೊರತು ಬೇರೇನೂ ಏಳಲಿಲ್ಲ. ಆಮೇಲೆ ಬಾನಿಯ ಒಂದು ತುದಿಗೆ ಒಂದಡಿ ಉದ್ದದ ಕಬ್ಬಿಣದ ತಗಡಿನ ಮುಚ್ಚಳ ಮಾಡಿಸಿ ಫ್ಲೋಟ್ ಅದರಡಿಗೆ ಬರುವಂತೆ ಬೋಲ್ಟ್ ಹಾಕಿದೆ. ಅದರ ಜೊತೆಗೆ ದನ ಹೊರಟ ಕೂಡಲೇ ಆ ಅಂಕಣದ ಗೇಟ್‌ವಾಲ್ವ್ ಮುಚ್ಚುವುದನ್ನು ರೂಢಿ ಮಾಡಿಕೊಂಡೆವು. ಎರಡನೆಯ ವರ್ಷ ಬಿಸಿಲಿಗೆ ಡ್ರಮ್ಮಿನ ಅಂಚು ಬಿರುಕು ಬಿಟ್ಟಾಗ ಅಂಚಿನುದ್ದಕ್ಕೂ ಹಳೆಯ ಪೈಪನ್ನು ಸೀಳಿ ಹೊದಿಸಿ ಬೈಂಡಿಂಗ್ ತಂತಿಯಿಂದ ಹೊಲಿದೆ. ಅದು ಇಂದಿಗೂ ಹಿಡಿದುಕೊಂಡಿದೆ.

ಎರಡು ಹಳ್ಳಿಕಾರ್ ಎತ್ತು, ಎರಡು ಹಸು, ಒಂದು ಕರು ಮಳೆಗಾಲದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಅಂಕಣದಲ್ಲಿ ನಾಲ್ಕು ದಿನ ಮೇಯುತ್ತವೆ. ಕೊಯ್ಲಿಗೆ ಬಿಡುವ ಎರಡು ಅಂಕಣ ಕಳೆದು ಉಳಿದ ನಾಲ್ಕರಲ್ಲಿ ಸುತ್ತಿ ಮತ್ತೆ ಅದೇ ಅಂಕಣಕ್ಕೆ ಬರುವಷ್ಟರಲ್ಲಿ 12 ದಿನ ಕಳೆದಿರುತ್ತವೆ. ಬಾನಿಯನ್ನು ಪ್ರತಿದಿನ ಹತ್ತು ಹೆಜ್ಜೆ ಮುಂದಕ್ಕೆ ಎಳೆಯುತ್ತೇವೆ. ನಿಲ್ಲಿಸಿದ ಜಾಗಕ್ಕೆ ಒಂದು ಬಣ್ಣದ ಗೂಟ ಹೊಡೆಯುತ್ತೇವೆ, ಮುಂದಿನ ಸರದಿಯಲ್ಲಿ ಅಲ್ಲಿಯೇ ನಿಲ್ಲಿಸಬಾರದೆಂದು. ಉಪ್ಪಿನ ಗಡ್ಡೆಯನ್ನು ಬಾನಿಯ ಪಕ್ಕದಲ್ಲಿಡದೆ ಅಂಕಣದ ಅತ್ಯಂತ ಬೋಳಾದ ಕಡೆ ಕಟ್ಟುತ್ತೇವೆ. ನೆಕ್ಕಲು ಹೋದ ದನ ಅಲ್ಲಿ ಒಂದಿಷ್ಟು ಹೊತ್ತು ನಿಂತು ಸಗಣಿ ಹಾಕಿಯೇ ಬರುತ್ತದೆ. 2022ರ ಆಗಸ್ಟಿನಲ್ಲಿ ನಾಲ್ಕನೆಯ ಅಂಕಣದ ಒಂದು ಬೋಳಿನಲ್ಲಿ ಹೀಗೆ ಬಿದ್ದ ಸಗಣಿಯ ತಟ್ಟೆಯೊಂದನ್ನು ಮಗುಚಿ ನೋಡಿದೆ. ಅಡಿಯಲ್ಲಿ ಬೆರಳು ತೂರುವಷ್ಟು ಅಗಲದ ಏಳು ಬಿಲ, ಬಿಲದ ಬಾಯಲ್ಲಿ ಕೊರೆದು ಹಾಕಿದ ಕೆಂಪು ಮಣ್ಣಿನ ಪುಟ್ಟ ಗುಡ್ಡೆ, ಒಂದು ಬಿಲದೊಳಗೆ ಸಗಣಿಯ ಉಂಡೆಯನ್ನು ಹಿಂಗಾಲಿನಿಂದ ಒತ್ತುತ್ತಿದ್ದ ಕರಿಯ ಜೀರುಂಡೆ. ಮೇಲಿನ ಸಗಣಿ ಅಷ್ಟರಲ್ಲಿ ಒಳಗೆ ಟೊಳ್ಳಾಗಿತ್ತು. ಗುದ್ದಲಿಯಿಲ್ಲದೆ ಗೊಬ್ಬರ ಮಣ್ಣಿಗೆ ಸೇರುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ. ಬೇಸಿಗೆಯಲ್ಲಿ ಈ ಕೆಲಸ ನಡೆಯುವುದಿಲ್ಲ. ಬಿಸಿಲಿಗೆ ಸಗಣಿ ಒಣಗಿ ಬೆರಣಿಯಾಗಿ ಗೆದ್ದಲಿನ ಪಾಲಾಗುತ್ತದೆ. ಮೇಯಿಸುವುದನ್ನು ಮಳೆಗಾಲಕ್ಕೆ ಸೀಮಿತಗೊಳಿಸಿದ್ದಕ್ಕೆ ಇದೂ ಒಂದು ಕಾರಣ.

ಸರದಿಯ ಈ ಕ್ರಮ ನಮ್ಮ ಸೀಮೆಗೆ ಹೊಸದೇನಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಅದಕ್ಕೆ ಸೇರಿದ ಕಾವಲುಗಳನ್ನು, ಅಂದರೆ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳನ್ನು, ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ವಿಂಗಡಿಸಿ ದನಗಳನ್ನು ಕಾಲಕ್ಕೆ ತಕ್ಕಂತೆ ಒಂದರಿಂದ ಒಂದಕ್ಕೆ ಹೊಡೆಯುತ್ತಿದ್ದರು. ಇಂದು ಕೃಷ್ಣಮೃಗಗಳಿಗಾಗಿ ಸಂರಕ್ಷಿತವಾಗಿರುವ ನಮ್ಮ ತಾಲ್ಲೂಕಿನ ಬಾಸೂರು ಕಾವಲು ಅಂಥದ್ದೇ ಒಂದು. ಅವರು ನೂರಾರು ಎಕರೆಗಳಲ್ಲಿ ಮಾಡಿದ್ದನ್ನು ನಾನು ಹದಿನೈದು ಗುಂಟೆಗಳಲ್ಲಿ ಮಾಡುತ್ತಿದ್ದೇನೆ.

ಯಾವಾಗ ಕೊಯ್ಯಬೇಕು

ಆರು ಅಂಕಣಗಳಲ್ಲಿ ಎರಡನ್ನು ಪ್ರತಿವರ್ಷ ಮೇಯಿಸದೆ ಕೊಯ್ಲಿಗೆ ಬಿಡುತ್ತೇವೆ. 2022ರಲ್ಲಿ ಒಂದೇ ಅಂಕಣದ ಹುಲ್ಲನ್ನು ಎರಡು ಸಲ ಪರೀಕ್ಷೆಗೆ ಕೊಟ್ಟೆ: ಹೂ ಬಿಟ್ಟ ಹದದಲ್ಲಿ ಅಕ್ಟೋಬರಿನಲ್ಲಿ ಕೊಯ್ದದ್ದು, ನಿಂತಲ್ಲೇ ಒಣಗಿದ ಮೇಲೆ ಜನವರಿಯಲ್ಲಿ ಕೊಯ್ದದ್ದು. ಕಚ್ಚಾ ಪ್ರೋಟೀನ್ ಮೊದಲನೆಯದರಲ್ಲಿ ಶೇ. 7.4, ಎರಡನೆಯದರಲ್ಲಿ ಶೇ. 3.1 ಬಂತು. ಪೊಟ್ಯಾಶಿಯಂ ಶೇ. 1.3ರಿಂದ ಶೇ. 0.5ಕ್ಕೆ ಇಳಿದಿತ್ತು. ಬೀಜ ಕಟ್ಟಿದ ಮೇಲೆ ಬಹುವಾರ್ಷಿಕ ಹುಲ್ಲು ಎಲೆಯ ಸಾರಜನಕ ರಂಜಕಗಳನ್ನು ಬುಡಕ್ಕೂ ಬೇರಿಗೂ ಎಳೆದುಕೊಳ್ಳುತ್ತದೆ. ಪೊಟ್ಯಾಶಿಯಂ ಒಣಗಿದ ಎಲೆಯಿಂದ ಮಳೆ ಇಬ್ಬನಿಗೆ ತೊಳೆದು ಮಣ್ಣಿಗೆ ಬೀಳುತ್ತದೆ. ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ ನಾರು ಜೀರ್ಣವಾಗುವುದು ನಿಧಾನವಾಗುತ್ತದೆ, ದನ ತಿನ್ನುವುದನ್ನೂ ಕಡಿಮೆ ಮಾಡುತ್ತದೆ. ಗೋದಲಿಯಲ್ಲಿ ಕಡ್ಡಿ ಉಳಿಯುತ್ತಿದ್ದ ಗುಟ್ಟು ಇದು: ಕೂಲಿಯಾಳು ಸಿಗುವವರೆಗೆ ಕಾದು ನಾವು ಸಂಕ್ರಾಂತಿಯ ಹೊತ್ತಿಗೆ ಕೊಯ್ಯುತ್ತಿದ್ದೆವು.

ಬೇಗ ಕೊಯ್ದರೆ ದನಕ್ಕೆ ಹಿತ, ನೆಲಕ್ಕೆ ನಷ್ಟ. ತಡವಾಗಿ ಕೊಯ್ದರೆ ನೆಲಕ್ಕೆ ಹಿತ, ದನಕ್ಕೆ ನಷ್ಟ. ಎರಡನ್ನೂ ಒಂದೇ ದಿನದ ಕೊಯ್ಲಿನಲ್ಲಿ ಪಡೆಯಲಾಗದು. ಕೊಯ್ಲಿನ ಎರಡು ಅಂಕಣಗಳಲ್ಲಿ ಒಂದನ್ನು ಅಕ್ಟೋಬರಿನಲ್ಲಿ ಹಾಲು ಕೊಡುವ ಹಸುಗಳಿಗೆಂದು ಕೊಯ್ದು ಅದಕ್ಕೆ ಗೊಬ್ಬರ ಹಿಂದಿರುಗಿಸುತ್ತೇವೆ. ಇನ್ನೊಂದನ್ನು ಜನವರಿಯವರೆಗೆ ಬಿಟ್ಟು, ಬೀಜ ಉದುರಿದ ಮೇಲೆ ಎತ್ತುಗಳಿಗೆ ಹುರುಳಿ ಹೊಟ್ಟಿನ ಜೊತೆ ಹಾಕಲು ಕೊಯ್ಯುತ್ತೇವೆ. ಮರುವರ್ಷ ಅಂಕಣಗಳು ಬದಲಾಗುತ್ತವೆ. ಹುಲ್ಲು ಮಾರುವುದನ್ನು ನಿಲ್ಲಿಸಿದ್ದೇವೆ. ಉಳಿದ ಒಣಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಹಾಕಿದರೆ ಹೊಸ ಚಿಗುರು ಬರುತ್ತದೆಂದು ಕೆಲವರು ಸಲಹೆ ಕೊಟ್ಟರು. ಸುಟ್ಟ ಹುಲ್ಲಿನ ಸಾರಜನಕ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಬೂದಿಯಲ್ಲಿ ಉಳಿಯುವ ಪೊಟ್ಯಾಶ್ ಮತ್ತು ಸುಣ್ಣದ ಅಂಶ ಮೊದಲ ಜೋರು ಮಳೆಗೆ ಬೋಳುನೆಲದಿಂದ ಕೊಚ್ಚಿಹೋಗುತ್ತದೆ. ಮೊದಲೇ ಸಾರಜನಕವಿಲ್ಲದ ನೆಲಕ್ಕೆ ಆ ಪ್ರಯೋಗ ಮಾಡುವ ಮನಸ್ಸಾಗಲಿಲ್ಲ.

ಐದು ತುಂಡುಗಳು ತೋರಿಸಿದ್ದು

ಯೂರಿಯಾ ಹಾಕಿದ ತುಂಡು ಮೊದಲ ವರ್ಷ ಎಲ್ಲರನ್ನೂ ಮೆಚ್ಚಿಸಿತು. ಚೌಕಟ್ಟಿನ ಹುಲ್ಲು ಉಳಿದ ತುಂಡುಗಳ ಒಂದೂವರೆ ಪಟ್ಟು ತೂಗಿತು. ಆದರೆ ಎತ್ತರವಾಗಿ ಬೆಳೆದದ್ದು ಒರಟು ಹುಲ್ಲು. ಅದರ ನೆರಳಿಗೆ ಸಿಕ್ಕಿ ನೆಲಕ್ಕಂಟಿಕೊಂಡು ಹಬ್ಬುವ ಕಾಡು ದ್ವಿದಳಗಳು ಎರಡನೆಯ ವರ್ಷಕ್ಕೆ ಹುಡುಕಿದರೂ ಸಿಗಲಿಲ್ಲ. ಗಾಳಿಯ ಸಾರಜನಕವನ್ನು ನೆಲಕ್ಕೆ ತರುತ್ತಿದ್ದ ಗಿಡಗಳನ್ನು ಚೀಲದ ಸಾರಜನಕ ಓಡಿಸಿಬಿಟ್ಟಿತು. ಹೆಚ್ಚು ಬೆಳೆದ ಹುಲ್ಲು ಹೆಚ್ಚು ಪೊಟ್ಯಾಶನ್ನೂ ಹೊತ್ತೊಯ್ದಿತು: 2024ರಲ್ಲಿ ಆ ತುಂಡಿನ ಪೊಟ್ಯಾಶಿಯಂ 92ರಿಂದ 71ಕ್ಕೆ, ಪಿಎಚ್ 6.2ರಿಂದ 5.8ಕ್ಕೆ ಇಳಿದಿತ್ತು.

ಇದನ್ನೇ ಬಹಳ ದೀರ್ಘಕಾಲ, ಬಹಳ ಶ್ರದ್ಧೆಯಿಂದ ನೋಡಿದ ಒಂದು ಜಾಗವಿದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು ಆರಂಭಿಸಿದ ಪಾರ್ಕ್ ಗ್ರಾಸ್ ಪ್ರಯೋಗ ಇಂದಿಗೂ ನಡೆಯುತ್ತಿದೆ. ಒಂದೇ ಹುಲ್ಲುಗಾವಲನ್ನು ತುಂಡುಗಳಾಗಿ ಮಾಡಿ ಪ್ರತಿಯೊಂದಕ್ಕೂ ಬೇರೆ ಬೇರೆ ಗೊಬ್ಬರ ಹಾಕುತ್ತ, ಹುಲ್ಲನ್ನು ಕೊಯ್ದು ಒಯ್ಯುತ್ತ ಬಂದಿದ್ದಾರೆ. ಏನೂ ಹಾಕದ ತುಂಡುಗಳಲ್ಲಿ ಇಳುವರಿ ಕಡಿಮೆ, ಸಸ್ಯಜಾತಿಗಳು ಹತ್ತಾರು. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟ್ ಎಂಬ ಸಾರಜನಕದ ಗೊಬ್ಬರ ಹಾಕುತ್ತ ಬಂದ ತುಂಡುಗಳಲ್ಲಿ ಪಿಎಚ್ 4ಕ್ಕಿಂತ ಕೆಳಗಿಳಿದು ಒಂದೆರಡು ಜಾತಿಯ ಹುಲ್ಲು ಮಾತ್ರ ಉಳಿದಿದೆ. ಸಾರಜನಕ ಬಿಟ್ಟು ರಂಜಕ, ಪೊಟ್ಯಾಶ್ ಕೊಟ್ಟಲ್ಲಿ ದ್ವಿದಳಗಳು ಹುಲುಸಾಗಿವೆ. ಅಲ್ಲಿನ ಹವೆ, ಮಣ್ಣು, ಸಸ್ಯಗಳು ಯಾವುದೂ ನಮ್ಮದಲ್ಲ; ಆದರೂ ನನ್ನ ನಾಲ್ಕು ಗುಂಟೆಯಲ್ಲಿ ಎರಡು ವರ್ಷಕ್ಕೆ ಕಂಡ ದಿಕ್ಕು ಅಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷ ಕಂಡ ದಿಕ್ಕೇ ಆಗಿದ್ದರಿಂದ ನಾನು ಯೂರಿಯಾದ ಆಸೆ ಬಿಟ್ಟೆ.

ಮುಟ್ಟದೆ ಬಿಟ್ಟ ತುಂಡು ನನ್ನ ಎಣಿಕೆಯನ್ನು ತಲೆಕೆಳಗು ಮಾಡಿತು. ಬೇಲಿ ಹಾಕಿ ಬಿಟ್ಟರೆ ನೆಲ ತಾನೇ ಸುಧಾರಿಸುತ್ತದೆಂದು ನಾನು ದೃಢವಾಗಿ ನಂಬಿದ್ದೆ. ಮೊದಲೆರಡು ವರ್ಷ ಹಾಗೆಯೇ ಆಯಿತು; ಬೋಳು ಮುಚ್ಚಿತು, ನೀರು ಇಂಗುವ ಸಮಯ 9ರಿಂದ 6 ನಿಮಿಷಕ್ಕೆ ಇಳಿಯಿತು. ಮೂರನೆಯ ವರ್ಷಕ್ಕೆ ಹಳೆಯ ಒಣಹುಲ್ಲು ಬೂದುಬಣ್ಣಕ್ಕೆ ತಿರುಗಿ ಬುಡಗಳ ಮೇಲೆ ಹೊದಿಕೆಯಂತೆ ಕುಳಿತು, ಬೆಳಕು ಕಾಣದ ಬುಡಗಳು ನಡುವಿನಿಂದ ಸಾಯತೊಡಗಿದವು. ಸತ್ವವೆಲ್ಲ ನಿಂತ ಒಣಕಡ್ಡಿಯಲ್ಲಿ ಸಿಕ್ಕಿಕೊಂಡು ಮಣ್ಣಿಗೂ ಬಾರದೆ ದನಕ್ಕೂ ಸಿಗದೆ ಉಳಿಯಿತು. ದಣಿದ ನೆಲಕ್ಕೆ ಎರಡು ವರ್ಷದ ಬಿಡುವು ಒಳ್ಳೆಯದು, ಅದರಾಚೆಗೆ ಬಾಯಿಯೋ ಕುಡುಗೋಲೋ ಬೇಕು ಎಂಬುದು ಈಗಿನ ನನ್ನ ಅಭಿಪ್ರಾಯ.

ಕೊಯ್ದು ಒಯ್ದು ಏನೂ ಹಾಕದ ತುಂಡಿನ ಪೊಟ್ಯಾಶಿಯಂ 78ಕ್ಕೆ ಇಳಿಯಿತು. ಗೊಬ್ಬರ ಹಿಂದಿರುಗಿಸಿದ ತುಂಡಿನಲ್ಲಿ 131ಕ್ಕೆ, ಸರದಿಯ ತುಂಡಿನಲ್ಲಿ 110ಕ್ಕೆ ಏರಿತು. ಸಾವಯವ ಇಂಗಾಲ ಗೊಬ್ಬರದ ತುಂಡಿನಲ್ಲಿ ಶೇ. 0.42 ಎಂದು ಬಂದಿದೆ, ಮೊದಲು 0.38 ಇತ್ತು. ಇದನ್ನು ಏರಿಕೆ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಒಂದೇ ಚೀಲದ ಮಣ್ಣನ್ನು ಎರಡು ಸಲ ಕೊಟ್ಟಾಗಲೂ ಇಷ್ಟು ವ್ಯತ್ಯಾಸ ಬಂದದ್ದನ್ನು ನೋಡಿದ್ದೇನೆ. ಇಂಗಾಲ ಕಟ್ಟುವುದು ನಿಧಾನದ ಕೆಲಸ. ಇದರ ನಡುವೆ 2023ರ ಬರವೂ ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ ಆ ವರ್ಷ ಯಾವ ತುಂಡಿನಲ್ಲಿಯೂ ಕೊಯ್ಯುವಂಥ ಹುಲ್ಲು ಬೆಳೆಯಲಿಲ್ಲ; ನೋಟ್‌ಬುಕ್ಕಿನ ಆ ಪುಟಗಳು ಬಹುತೇಕ ಖಾಲಿ ಇವೆ. ಆದರೂ 2024ರ ಜೂನ್ ಮಳೆಗೆ ಗೊಬ್ಬರದ ತುಂಡೂ ಸರದಿಯ ತುಂಡೂ ಎಂಟು ದಿನದಲ್ಲಿ ಹಸಿರಾದವು, ಯೂರಿಯಾದ ತುಂಡಿನಲ್ಲಿ ಮೂರನೆಯ ಒಂದು ಪಾಲು ಬುಡಗಳು ಸತ್ತಿದ್ದವು.

ಈಗ ನಡೆಯುತ್ತಿರುವುದು

ಮರದ ಸುತ್ತಲಿನ ಏಳು ಗುಂಟೆಯನ್ನು ಈಗ ಗೊಬ್ಬರದ ಗಣಿಯೆಂದೇ ಬಳಸುತ್ತಿದ್ದೇನೆ. ಪ್ರತಿ ಮೇ ತಿಂಗಳಲ್ಲಿ ಮೇಲಿನ ಎರಡು ಬೆರಳು ದಪ್ಪದ ಪುಡಿಮಣ್ಣನ್ನು ಸಗಣಿ ಸಮೇತ ಸಲಿಕೆಯಿಂದ ಕೆರೆದು ಅತಿ ಬೋಳಾದ ಅಂಕಣಕ್ಕೆ ಹೊರುತ್ತೇವೆ. ಕೊಯ್ಲಿನ ಅಂಕಣಕ್ಕೆ ಹೋಗುವ ಕೊಟ್ಟಿಗೆ ಗೊಬ್ಬರಕ್ಕೆ ಒಲೆಯ ಬೂದಿಯನ್ನೂ ಬೆರೆಸುತ್ತೇವೆ. ಪಕ್ಕದ ರಾಗಿ ಹೊಲದಲ್ಲಿ ಕುರಿ ನಿಲ್ಲಿಸುವುದನ್ನು ಬಿಟ್ಟಿಲ್ಲ, ಆದರೆ ಮಂದೆ ಇರುವಷ್ಟು ದಿನದಲ್ಲಿ ಮೂರು ರಾತ್ರಿ ಹುಲ್ಲುಗಾವಲಿನಲ್ಲಿಯೇ ನಿಲ್ಲಬೇಕೆಂದು ಆ ಕುರಿಮಂದೆಯ ಅಜ್ಜನ ಜೊತೆ ಮಾತಾಗಿದೆ. ಮೊದಲ ಸಲ ಹಾಗೆ ಕೇಳಿದಾಗ ಅವರು, “ಹುಲ್ಲಿಗೆ ಯಾರಪ್ಪ ಮಂದೆ ಹಾಕಿಸ್ತಾರೆ?” ಎಂದು ನನ್ನ ಮುಖ ನೋಡಿದರು; ಈಗ ಅವರೇ ಬೋಳು ಎಲ್ಲಿದೆಯೆಂದು ನೋಡಿಕೊಂಡು ಬಲೆ ಕಟ್ಟುತ್ತಾರೆ.

ದ್ವಿದಳ ಹೆಚ್ಚಿಸಲು 2024ರ ಜೂನ್‌ನಲ್ಲಿ ಮೂರನೆಯ ಅಂಕಣಕ್ಕೆ ಸ್ಟೈಲೋ ಎಂಬ ಮೇವಿನ ದ್ವಿದಳ ಗಿಡದ ಬೀಜ ಎರಚಿದೆ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ 80 ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕು ನಿಮಿಷ ಅದ್ದಿ ತೆಗೆದು, ನೆರಳಿನಲ್ಲಿ ಆರಿಸಿ, ಜರಡಿ ಹಿಡಿದ ಮಣ್ಣಿನ ಜೊತೆ ಬೆರೆಸಿ ಬೋಳುಗಳಲ್ಲಷ್ಟೇ ಬಿತ್ತಿದೆ. ಇದು ಹೊರನಾಡಿನಿಂದ ಬಂದ ಗಿಡ. ನಮ್ಮ ಕಾಡು ದ್ವಿದಳಗಳನ್ನು ಅದು ಮೆಟ್ಟಿ ನಿಲ್ಲುವಂತಾದರೆ ಮುಂದುವರಿಸುವುದಿಲ್ಲ. ಒಂದು ಬೋಳಿನ ಗಿಡವನ್ನು ನವೆಂಬರಿನಲ್ಲಿ ಮಣ್ಣು ಸಮೇತ ಕಿತ್ತು ತೊಳೆದು ನೋಡಿದೆ. ಬೇರಿನಲ್ಲಿ ಸಾಸಿವೆಗಿಂತ ದಪ್ಪದ ಗಂಟುಗಳಿದ್ದವು. ಉಗುರಿನಿಂದ ಸೀಳಿದಾಗ ಒಳಗೆ ತಿಳಿಗೆಂಪು ಬಣ್ಣ ಕಂಡಿತು. ಸಾರಜನಕ ಹಿಡಿಯುವ ಕೆಲಸ ನಡೆದಿದೆ ಎಂಬುದಕ್ಕೆ ಆ ಕೆಂಪೇ ಗುರುತು. ಅದೇ ಬೋಳಿನ ಮಣ್ಣನ್ನು 5 ಸೆಂಟಿಮೀಟರಿನವರೆಗೆ ಒಂದು ಪೊಟ್ಟಣ, 5ರಿಂದ 15ರವರೆಗೆ ಇನ್ನೊಂದು ಪೊಟ್ಟಣ ಮಾಡಿ ಒಣಗಿಸಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ತೆಗೆಯುವ ಮಾದರಿಗಳ ಜೊತೆ ಅವೂ ಪರೀಕ್ಷೆಗೆ ಹೋಗುತ್ತವೆ.